ಒಂದು ಬೋರ್ಡಿನಿಂದ ಮತ್ತೊಂದು ಚಿಪ್‌ಗೆ ಪ್ರೋಗ್ರಾಂ: ಸಣ್ಣ ಉದ್ಯಮಗಳಿಗೆ ಅದರ ಲಾಭ, ಹೊಣೆ ಮತ್ತು ಲೆಕ್ಕ

ಬೆಂಗಳೂರಿನಲ್ಲಿ ನೆಲದಡಿಯ ಸಂಪು ಹಾಗೂ ಮಹಡಿಯ ಮೇಲಿನ ತೊಟ್ಟಿ ಇಲ್ಲದ ಮನೆ ಅಪರೂಪ. ಸಂಪಿನಿಂದ ತೊಟ್ಟಿಗೆ ನೀರೇರಿಸುವ ಪಂಪನ್ನು ತಾನಾಗಿಯೇ ಚಾಲೂ ಮಾಡಿ ತಾನಾಗಿಯೇ ನಿಲ್ಲಿಸುವ ನೀರಿನ ಮಟ್ಟದ ನಿಯಂತ್ರಕ ಇಂದು ಸಾಮಾನ್ಯ ಗೃಹೋಪಯೋಗಿ ವಸ್ತುವಾಗಿದೆ. ವೋಲ್ಟೇಜ್ ಸ್ಟೆಬಿಲೈಸರ್, ಬೀದಿದೀಪದ ಟೈಮರ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಎಲೆಕ್ಟ್ರಾನಿಕ್ ತೂಕದ ಯಂತ್ರ ಮುಂತಾದವು ಇದೇ ವರ್ಗಕ್ಕೆ ಸೇರಿದ ಸರಕುಗಳು. ಇಂತಹ ವಸ್ತುಗಳನ್ನು ತಯಾರಿಸುವ ಸಣ್ಣ ಘಟಕಗಳು ಪೀಣ್ಯ, ರಾಜಾಜಿನಗರ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿವೆ. ಅವುಗಳಿಗೆ ಬೇಕಾದ ಬಿಡಿಭಾಗಗಳ ಮಾರುಕಟ್ಟೆಯಾಗಿ ಎಸ್.ಪಿ. ರಸ್ತೆ ಎಂದೇ ಹೆಸರಾದ ಸಾದರ ಪತ್ರಪ್ಪ ರಸ್ತೆ ಬೆಳೆದಿದೆ.

ಈ ಸರಕುಗಳ ಒಳಗಿರುವ ಮೈಕ್ರೋಕಂಟ್ರೋಲರ್ ಚಿಪ್ ಸ್ವತಃ ಏನನ್ನೂ ಮಾಡಲಾರದು. ಅದರ ಸ್ಮೃತಿಯಲ್ಲಿ ಬರೆಯಲಾದ ಪ್ರೋಗ್ರಾಂ ಹೇಳಿದಂತೆ ಅದು ಕೆಲಸ ಮಾಡುತ್ತದೆ. ಅನೇಕ ಸಣ್ಣ ಉದ್ಯಮಿಗಳು ಪೆಟ್ಟಿಗೆ, ಟ್ರಾನ್ಸ್‌ಫಾರ್ಮರ್, ರಿಲೇ, ಬೋರ್ಡು ಎಲ್ಲವನ್ನೂ ತಮ್ಮ ಹತೋಟಿಯಲ್ಲಿಟ್ಟುಕೊಂಡಿದ್ದರೂ ಪ್ರೋಗ್ರಾಂ ತುಂಬಿದ ಚಿಪ್‌ಗಾಗಿ ಮಾತ್ರ ಹೊರಗಿನ ಒಬ್ಬ ತಂತ್ರಜ್ಞರನ್ನು ಅವಲಂಬಿಸಿರುತ್ತಾರೆ. ಅವರು ಊರು ಬಿಟ್ಟರೆ, ದರ ಏರಿಸಿದರೆ ಅಥವಾ ಪ್ರತಿಸ್ಪರ್ಧಿಗೆ ಅದೇ ಚಿಪ್ ಕೊಡತೊಡಗಿದರೆ ಉದ್ಯಮಿಯು ಮಾಡಬಹುದಾದದ್ದು ಬಹಳ ಕಡಿಮೆ. ಕೆಲವು ನೂರು ರೂಪಾಯಿಗಳಿಗೆ ಸಿಗುವ ಒಂದು ಬೋರ್ಡನ್ನೇ ಬಳಸಿ ಮತ್ತೊಂದು ಚಿಪ್‌ಗೆ ಪ್ರೋಗ್ರಾಂ ತುಂಬುವ ವಿಧಾನವು ಈ ಅವಲಂಬನೆಯ ಅರ್ಧಭಾಗವನ್ನು ನಿವಾರಿಸುತ್ತದೆ. ಉಳಿದರ್ಧ ನಿವಾರಣೆಯಾಗುವುದು ಕಾಗದಪತ್ರಗಳಿಂದ. ಇವೆರಡನ್ನೂ ಒಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಇಂಟೆಲ್ ಸಂಸ್ಥೆಯು 8051 ಎಂಬ ಮೈಕ್ರೋಕಂಟ್ರೋಲರನ್ನು 1980ರಲ್ಲಿ ಹೊರತಂದಿತು. ಆ ಕಾಲದ ಚಿಪ್‌ಗಳಲ್ಲಿ ಪ್ರೋಗ್ರಾಂ ಕಾರ್ಖಾನೆಯಲ್ಲಿಯೇ ಅಚ್ಚಾಗಿ ಬರುತ್ತಿತ್ತು. ಸಾವಿರಾರು ಸಂಖ್ಯೆಯಲ್ಲಿ ಕೊಳ್ಳುವವರಿಗಷ್ಟೇ ಅದು ಗಿಟ್ಟುತ್ತಿತ್ತು. ಇಲ್ಲವಾದರೆ ಗಾಜಿನ ಕಿಂಡಿಯುಳ್ಳ ಚಿಪ್ ಕೊಂಡು, ಹಳೆಯ ಪ್ರೋಗ್ರಾಂ ಅಳಿಸಲು ಅದನ್ನು ನೇರಳಾತೀತ ದೀಪದ ಕೆಳಗೆ ಬಹಳ ಹೊತ್ತು ಇಡಬೇಕಾಗಿತ್ತು. ಪ್ರೋಗ್ರಾಂ ಬರೆಯಲು ಬೇಕಾದ ಪ್ರತ್ಯೇಕ ಯಂತ್ರವು ಸಣ್ಣ ಘಟಕದ ಶಕ್ತಿಗೆ ಮೀರಿದ್ದಾಗಿತ್ತು. ಹೀಗಾಗಿ ಆ ಯಂತ್ರವಿದ್ದವರ ಬಳಿಗೆ ಚಿಪ್ ಕೊಂಡೊಯ್ಯುವುದು ರೂಢಿಯಾಯಿತು. ಯಂತ್ರದ ಅಗತ್ಯ ಹೋದ ಮೇಲೂ ಆ ರೂಢಿ ಅನೇಕ ಕಡೆ ಉಳಿದುಕೊಂಡಿದೆ.

1990ರ ದಶಕದಲ್ಲಿ ಅಟ್ಮೆಲ್ ಸಂಸ್ಥೆಯು ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಸ್ಮೃತಿಯುಳ್ಳ ಮೈಕ್ರೋಕಂಟ್ರೋಲರ್‌ಗಳನ್ನು ಮಾರುಕಟ್ಟೆಗೆ ತಂದಿತು. ಆ ಸಂಸ್ಥೆಯ ಎವಿಆರ್ ಶ್ರೇಣಿಯ ಮೂಲ ವಿನ್ಯಾಸವು ನಾರ್ವೆಯ ಟ್ರಾಂಡ್‌ಹೈಮ್‌ನ ಇಬ್ಬರು ವಿದ್ಯಾರ್ಥಿಗಳಾದ ಆಲ್ಫ್ ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೊಲನ್ ಅವರದು. ಚಿಪ್ಪನ್ನು ಬೋರ್ಡಿನಿಂದ ಕೀಳದೆಯೇ ಕೆಲವೇ ತಂತಿಗಳ ಮೂಲಕ ಪ್ರೋಗ್ರಾಂ ತುಂಬುವ ಸೌಲಭ್ಯ ಇದರಲ್ಲಿ ದೊರೆಯಿತು. 2016ರಲ್ಲಿ ಅಟ್ಮೆಲ್ ಸಂಸ್ಥೆಯನ್ನು ಮೈಕ್ರೋಚಿಪ್ ಸಂಸ್ಥೆ ಕೊಂಡುಕೊಂಡಿತು.

2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಕಲಿಕೆಗಾಗಿ ಆರ್ಡುಯಿನೋ ಎಂಬ ಬೋರ್ಡು ರೂಪುಗೊಂಡಿತು. ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಕೊಡಲಾದುದರಿಂದ ಅದೇ ಮಾದರಿಯ ಬೋರ್ಡುಗಳನ್ನು ಬೇರೆ ತಯಾರಕರೂ ಮಾಡತೊಡಗಿದರು ಮತ್ತು ಬೆಲೆ ಇಳಿಯಿತು. 2010ರಲ್ಲಿ ಬಂದ ಆರ್ಡುಯಿನೋ ಉನೋ ಎಂಬ ಮಾದರಿಯಲ್ಲಿ ಇರುವುದು ಎಟಿಮೆಗಾ 328ಪಿ ಎಂಬ ಎವಿಆರ್ ಚಿಪ್. ಇದೇ ಚಿಪ್ಪನ್ನು ಬಿಡಿಯಾಗಿ ಕೊಂಡು ಸಣ್ಣ ತಯಾರಕರು ತಮ್ಮ ಸರಕಿನಲ್ಲಿ ಬಳಸಬಹುದು. ಕಲಿಕೆಯ ಬೋರ್ಡು ಉತ್ಪಾದನೆಯ ಸಲಕರಣೆಯೂ ಆಗುವುದು ಈ ಹಂತದಲ್ಲಿ.

ವಿಧಾನ ಹೇಗೆ?

ಗಣಕಯಂತ್ರವು ಖಾಲಿ ಚಿಪ್‌ನೊಡನೆ ನೇರವಾಗಿ ಮಾತನಾಡಲಾರದು. ನಡುವೆ ಒಬ್ಬ ದುಭಾಷಿ ಬೇಕು. ಆರ್ಡುಯಿನೋ ಬೋರ್ಡಿಗೆ ಮೊದಲು ಆ ದುಭಾಷಿಯ ಕೆಲಸವನ್ನು ಕಲಿಸಲಾಗುತ್ತದೆ. ಇದಕ್ಕೆ ಬೇಕಾದ ಪ್ರೋಗ್ರಾಂ ಆರ್ಡುಯಿನೋದ ಉಚಿತ ತಂತ್ರಾಂಶದ ಉದಾಹರಣೆಗಳ ಪಟ್ಟಿಯಲ್ಲಿಯೇ ಆರ್ಡುಯಿನೋ ಐಎಸ್‌ಪಿ ಎಂಬ ಹೆಸರಿನಲ್ಲಿ ಇದೆ. ಅದನ್ನು ತುಂಬಿದ ನಂತರ ಬೋರ್ಡು ಗಣಕಯಂತ್ರದಿಂದ ಯುಎಸ್‌ಬಿ ತಂತಿಯ ಮೂಲಕ ಬರುವ ಆಜ್ಞೆಗಳನ್ನು ಪಡೆದು ಹೊಸ ಚಿಪ್‌ಗೆ ಅರ್ಥವಾಗುವ ಸಂಕೇತಗಳಾಗಿ ತಲುಪಿಸುತ್ತದೆ.

ಎರಡರ ನಡುವೆ ಬೇಕಾದ ತಂತಿಗಳು ಆರು ಮಾತ್ರ. ಬೋರ್ಡಿನ 10ನೆಯ ಪಿನ್ ಹೊಸ ಚಿಪ್ಪಿನ ರೀಸೆಟ್‌ಗೆ, 11ನೆಯದು ಮಾಹಿತಿ ಒಳಹೋಗುವ ಮೋಸಿ ಪಿನ್‌ಗೆ, 12ನೆಯದು ಮಾಹಿತಿ ಹೊರಬರುವ ಮೀಸೊ ಪಿನ್‌ಗೆ, 13ನೆಯದು ತಾಳ ಹಾಕುವ ಎಸ್‌ಸಿಕೆ ಪಿನ್‌ಗೆ ಜೋಡಣೆಯಾಗಬೇಕು. ಉಳಿದೆರಡು 5 ವೋಲ್ಟ್ ಮತ್ತು ಗ್ರೌಂಡ್ ತಂತಿಗಳು. 28 ಕಾಲಿನ ಎಟಿಮೆಗಾ 328ಪಿ ಚಿಪ್‌ನಲ್ಲಿ ರೀಸೆಟ್ 1ನೆಯ ಕಾಲು, ಮೋಸಿ 17, ಮೀಸೊ 18, ಎಸ್‌ಸಿಕೆ 19. ವಿದ್ಯುತ್ತನ್ನು 7 ಮತ್ತು 20ನೆಯ ಕಾಲುಗಳೆರಡಕ್ಕೂ, ಗ್ರೌಂಡನ್ನು 8 ಮತ್ತು 22ನೆಯ ಕಾಲುಗಳೆರಡಕ್ಕೂ ಕೊಡಬೇಕು.

ಇಲ್ಲಿ ಒಂದು ಸಣ್ಣ ವಿಷಯ ಗಮನಾರ್ಹ. ಗಣಕಯಂತ್ರವು ಸಂಪರ್ಕ ತೆರೆದ ಕೂಡಲೇ ಉನೋ ಬೋರ್ಡು ತಾನೇ ರೀಸೆಟ್ ಆಗುವ ಸ್ವಭಾವದ್ದು. ಆಗ ಹೊಸ ಚಿಪ್‌ಗೆ ಹೋಗಬೇಕಾದ ಆಜ್ಞೆಯನ್ನು ಅದು ತನಗೇ ಬಂದದ್ದೆಂದು ಭಾವಿಸುವ ಸಂಭವವಿದೆ. ದುಭಾಷಿ ಪ್ರೋಗ್ರಾಂ ತುಂಬಿದ ನಂತರ, ಬೋರ್ಡಿನ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಅದರ ಋಣ ಕಾಲು ಗ್ರೌಂಡಿಗೆ ಬರುವಂತೆ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ಕಾರ್ಯಾಗಾರದಲ್ಲಿ ಪ್ರತಿದಿನ ಬಳಸುವುದಾದರೆ ಬಿಡಿ ತಂತಿಗಳನ್ನು ನಂಬುವುದು ಸರಿಯಲ್ಲ. ಸಣ್ಣ ಹಿಡಿಕೆಯನ್ನು ಎತ್ತಿ ಚಿಪ್ ಇಟ್ಟು ಇಳಿಸುವಂತಹ ಸಾಕೆಟ್ಟನ್ನು ಒಂದು ಬೋರ್ಡಿನ ಮೇಲೆ ಬೆಸೆದುಕೊಳ್ಳುವುದು ಲೇಸು. ದುಭಾಷಿ ಪ್ರೋಗ್ರಾಂನಲ್ಲಿ ಮೂರು ದೀಪಗಳಿಗೂ ಅವಕಾಶವಿದೆ: 9ನೆಯ ಪಿನ್ನಿನ ದೀಪ ಬೋರ್ಡು ಜೀವಂತವಾಗಿದೆಯೆಂದೂ, 8ನೆಯದು ದೋಷವಿದೆಯೆಂದೂ, 7ನೆಯದು ಬರವಣಿಗೆ ನಡೆಯುತ್ತಿದೆಯೆಂದೂ ತೋರಿಸುತ್ತವೆ. ಗಣಕದ ಪರದೆಯನ್ನು ಓದಲಾರದ ಕೆಲಸಗಾರರೂ ಇದರ ಸಹಾಯದಿಂದ ಕೆಲಸ ನಡೆಸಬಹುದು.

ಚಿಪ್ಪನ್ನು ಬೋರ್ಡಿಗೆ ಬೆಸೆದ ಮೇಲೆಯೂ ಪ್ರೋಗ್ರಾಂ ತುಂಬಬಹುದಾದುದರಿಂದ ಹೊಸ ಸರಕಿನ ವಿನ್ಯಾಸದಲ್ಲಿ ಆರು ಮೊಳೆಯ ಒಂದು ಕನೆಕ್ಟರಿಗೆ ಜಾಗ ಬಿಡುವುದು ಉಚಿತ. ಗೋದಾಮಿನಲ್ಲಿ 300 ನಿಯಂತ್ರಕಗಳು ಸಿದ್ಧವಾಗಿ ಕುಳಿತಿರುವಾಗ ಪ್ರೋಗ್ರಾಂನಲ್ಲಿ ದೋಷ ಕಂಡುಬಂದರೆ, ಕನೆಕ್ಟರ್ ಇರುವ ಬೋರ್ಡುಗಳನ್ನು ತಲಾ ಒಂದೆರಡು ನಿಮಿಷಗಳಲ್ಲಿ ಸರಿಪಡಿಸಬಹುದು. ಅದಿಲ್ಲದಿದ್ದರೆ ಚಿಪ್ಪುಗಳನ್ನು ಕೀಳಬೇಕಾಗುತ್ತದೆ.

ಇದು ಎಟಿಮೆಗಾ ಒಂದಕ್ಕೇ ಸೀಮಿತವಲ್ಲ. ಎಂಟು ಕಾಲಿನ ಎಟಿಟೈನಿ 85 ಮುಂತಾದ ಚಿಕ್ಕ ಚಿಪ್‌ಗಳಿಗೂ ಇದೇ ತಂತಿಗಳು ಸಾಕು. ಈಚಿನ ಎವಿಆರ್ ಚಿಪ್‌ಗಳಿಗೆ ಒಂದೇ ತಂತಿಯ ಬೇರೆ ಪದ್ಧತಿಯಿದ್ದು ಅದಕ್ಕೂ ಆರ್ಡುಯಿನೋವನ್ನು ಸಜ್ಜುಗೊಳಿಸಬಹುದು. ಎಆರ್‌ಎಂ ಜಾತಿಯ ಚಿಪ್‌ಗಳಿಗೆ 2021ರಲ್ಲಿ ಬಂದ ರಾಸ್‌ಬೆರಿ ಪೈ ಪಿಕೊ ಬೋರ್ಡನ್ನು ಇದೇ ರೀತಿ ದುಭಾಷಿಯಾಗಿ ಬಳಸಲಾಗುತ್ತದೆ.

ತಾಂತ್ರಿಕ ಎಚ್ಚರಿಕೆಗಳು

1. ಗುರುತಿನ ಸಂಖ್ಯೆ: ಪ್ರತಿ ಎವಿಆರ್ ಚಿಪ್ಪಿನೊಳಗೂ ತಯಾರಕರು ಬರೆದ ಮೂರು ಭಾಗದ ಗುರುತಿನ ಸಂಖ್ಯೆಯಿರುತ್ತದೆ. ಎಟಿಮೆಗಾ 328ಪಿ ಚಿಪ್ಪಿನದು 1ಇ 95 0ಎಫ್. ಹೆಸರಿನಲ್ಲಿ ಒಂದೇ ಅಕ್ಷರ ಕಡಿಮೆಯಿರುವ ಎಟಿಮೆಗಾ 328ರದು 1ಇ 95 14. ಬರೆಯುವ ಮೊದಲು ತಂತ್ರಾಂಶವು ಇದನ್ನು ಓದಿ, ಹೊಂದದಿದ್ದರೆ ಕೆಲಸ ನಿಲ್ಲಿಸುತ್ತದೆ. ಈ ತಪಾಸಣೆಯನ್ನು ಬಲವಂತವಾಗಿ ದಾಟುವ ಅಭ್ಯಾಸ ಬೇಡ. ಖರೀದಿಸಿದ ಮಾಲು ಆದೇಶಕ್ಕೆ ಸರಿಯಾಗಿದೆಯೇ ಎಂದು ತಿಳಿಯಲು ಇದು ಖರ್ಚಿಲ್ಲದ ದಾರಿ.

2. ಫ್ಯೂಸ್‌ಗಳು: ಇವು ಸುಟ್ಟುಹೋಗುವ ಫ್ಯೂಸ್‌ಗಳಲ್ಲ; ಚಿಪ್ ಯಾವ ವೇಗದಲ್ಲಿ, ಯಾವ ಕ್ರಮದಲ್ಲಿ ನಡೆಯಬೇಕೆಂದು ನಿಗದಿಪಡಿಸುವ ಆಯ್ಕೆಗಳು. ಕಾರ್ಖಾನೆಯಿಂದ ಬಂದ ಎಟಿಮೆಗಾ 328ಪಿ ತನ್ನೊಳಗಿನ ಗಡಿಯಾರದಿಂದ 1 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತದೆ. ಹೊರಗಿನ ಕ್ರಿಸ್ಟಲ್ ಬಳಸುವಂತೆ ಫ್ಯೂಸ್ ಬದಲಿಸಿದರೆ ಮುಂದಿನ ಸಲ ಪ್ರೋಗ್ರಾಂ ತುಂಬುವಾಗ ಸಾಕೆಟ್ಟಿನ ಬೋರ್ಡಿನಲ್ಲೂ ಕ್ರಿಸ್ಟಲ್ ಇರಬೇಕು. ರೀಸೆಟ್ ಪಿನ್ನನ್ನು ಬೇರೆ ಕೆಲಸಕ್ಕೆ ತಿರುಗಿಸುವ ಫ್ಯೂಸ್ ಹಾಕಿದರಂತೂ ಈ ಆರು ತಂತಿಗಳ ಮಾರ್ಗವೇ ಮುಚ್ಚಿಹೋಗುತ್ತದೆ. ಆ ಚಿಪ್ಪನ್ನು ಮರಳಿ ತರಲು 12 ವೋಲ್ಟಿನ ಬೇರೆ ಸಲಕರಣೆ ಬೇಕು.

3. ವೋಲ್ಟೇಜ್: ಉನೋ ಬೋರ್ಡು 5 ವೋಲ್ಟಿನದು. ಸರಕಿನ ಬೋರ್ಡಿನಲ್ಲಿ 3.3 ವೋಲ್ಟಿನ ಬಿಡಿಭಾಗಗಳಿದ್ದರೆ ನೇರ ಜೋಡಣೆಯಿಂದ ಅವು ಹಾಳಾಗಬಹುದು. ನಡುವೆ ವೋಲ್ಟೇಜ್ ಹೊಂದಿಸುವ ಸರ್ಕ್ಯೂಟ್ ಅಗತ್ಯ.

4. ಲಾಕ್ ಬಿಟ್‌ಗಳು: ಇವನ್ನು ಹಾಕಿದರೆ ಚಿಪ್ಪಿನೊಳಗಿನ ಪ್ರೋಗ್ರಾಂ ಸುಲಭವಾಗಿ ಓದಲು ಸಿಗುವುದಿಲ್ಲ. ಬೀಗ ತೆಗೆಯಬೇಕಾದರೆ ಇಡೀ ಚಿಪ್ಪನ್ನು ಅಳಿಸಬೇಕು. ಅಳಿಸಿದರೆ ಪ್ರೋಗ್ರಾಂ ಸಹ ಹೋಗುತ್ತದೆ. ಇದು ನಕಲಿಗೆ ತಡೆಯಾಗುವುದು ನಿಜ. ಆದರೆ ಉದ್ಯಮಿಯ ಬಳಿ ಮೂಲ ಫೈಲು ಇಲ್ಲದಿದ್ದರೆ ತನ್ನದೇ ಸರಕಿನಿಂದ ತನ್ನದೇ ಪ್ರೋಗ್ರಾಂ ಪಡೆಯಲು ಅವನಿಗೂ ಆಗದು. ಆದುದರಿಂದ ಚಿಪ್ಪನ್ನೇ ತಿಜೋರಿ ಎಂದು ಭಾವಿಸಬಾರದು.

ಖರ್ಚು ಮತ್ತು ಉಳಿತಾಯ: ಒಂದು ಉದಾಹರಣೆ

ಕುಮಾರ ಪಾರ್ಕ್ ಪಶ್ಚಿಮದಲ್ಲಿ ಕಚೇರಿ ಹಾಗೂ ಪೀಣ್ಯದಲ್ಲಿ ಘಟಕ ಹೊಂದಿರುವ ಒಂದು ಪಾಲುದಾರಿಕೆ ಸಂಸ್ಥೆ ತಿಂಗಳಿಗೆ 500 ನೀರಿನ ಮಟ್ಟದ ನಿಯಂತ್ರಕಗಳನ್ನು ತಯಾರಿಸುತ್ತದೆ ಎಂದಿಟ್ಟುಕೊಳ್ಳೋಣ. ಕೆಳಗಿನ ದರಗಳು ಲೆಕ್ಕ ತೋರಿಸಲು ಊಹಿಸಿಕೊಂಡವು; ಓದುಗರು ತಮ್ಮ ದರಗಳನ್ನು ಹಾಕಿಕೊಳ್ಳಬಹುದು.

ಪ್ರೋಗ್ರಾಂ ತುಂಬಿದ ಚಿಪ್ಪಿಗೆ ಈಗ ತೆರುತ್ತಿರುವುದು ರೂ. 290. ಖಾಲಿ ಚಿಪ್ಪಿನ ದರ ರೂ. 200. ವ್ಯತ್ಯಾಸ ರೂ. 90ರಂತೆ ತಿಂಗಳಿಗೆ ರೂ. 45,000. ಸ್ವಂತವಾಗಿ ಮಾಡುವುದಾದರೆ ಒಂದು ಚಿಪ್ಪಿಗೆ ಇಟ್ಟು ತೆಗೆಯುವ ಹೊತ್ತೂ ಸೇರಿ ಒಂದು ನಿಮಿಷ ಬೇಕೆಂದು ಹಿಡಿದರೆ 500 ಚಿಪ್ಪಿಗೆ 8 ಗಂಟೆ 20 ನಿಮಿಷ. ಗಂಟೆಗೆ ರೂ. 100ರಂತೆ ಕೂಲಿ ಸುಮಾರು ರೂ. 850. ಶೇ. 1ರಷ್ಟು, ಅಂದರೆ 5 ಚಿಪ್ಪು ಹಾಳಾದರೆ ರೂ. 1,000. ಇವನ್ನು ಕಳೆದು ತಿಂಗಳಿಗೆ ಉಳಿಯುವುದು ರೂ. 43,150.

ಎರಡು ಬೋರ್ಡು, ಸಾಕೆಟ್ಟು, ತಂತಿಗಳಿಗೆ ರೂ. 5,000 ಸಾಕೆನ್ನೋಣ. ನಿಜವಾದ ಬಂಡವಾಳ ಅದಲ್ಲ. ಪ್ರೋಗ್ರಾಂನ ಮೂಲ ಪಾಠವನ್ನೂ ಹಕ್ಕನ್ನೂ ಬರೆದವರಿಂದ ಕೊಂಡುಕೊಳ್ಳಬೇಕು. ಅದಕ್ಕೆ ರೂ. 1,50,000 ಕೊಟ್ಟರೂ ಒಟ್ಟು ರೂ. 1,55,000 ನಾಲ್ಕು ತಿಂಗಳೊಳಗೆ ಹಿಂತಿರುಗುತ್ತದೆ.

ತಿಂಗಳಿಗೆ 40 ನಿಯಂತ್ರಕ ಮಾತ್ರ ಮಾಡುವ ಘಟಕದ ಲೆಕ್ಕ ಬೇರೆ. ಅದರ ಉಳಿತಾಯ ರೂ. 3,450ರ ಆಸುಪಾಸು ಇದ್ದು, ಅದೇ ಬಂಡವಾಳ ಹಿಂತಿರುಗಲು ಸುಮಾರು 45 ತಿಂಗಳು ಹಿಡಿಯುತ್ತದೆ. ಇಂತಹ ಘಟಕವು ಉಳಿತಾಯವೊಂದನ್ನೇ ನೋಡಿ ನಿರ್ಧರಿಸಿದರೆ ಹಳೆಯ ವ್ಯವಸ್ಥೆಯಲ್ಲೇ ಇರುವುದು ಸರಿಯೆನಿಸಬಹುದು. ಆದರೆ ಲೆಕ್ಕಕ್ಕೆ ಇನ್ನೊಂದು ಬದಿಯಿದೆ. ಚಿಪ್ ಬಿಟ್ಟು ಉಳಿದೆಲ್ಲ ಸಿದ್ಧವಾಗಿರುವ 500 ಪೆಟ್ಟಿಗೆಗಳಿಗೆ ತಲಾ ರೂ. 900 ಖರ್ಚಾಗಿದ್ದು, ಚಿಪ್ ಕೊಡುವವರು ಒಂದು ತಿಂಗಳು ಕೈಕೊಟ್ಟರೆ ರೂ. 4,50,000 ಬಂಡವಾಳ ಗೋದಾಮಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯಾಂಕಿನ ಬಡ್ಡಿಯೂ ಬಿಡುವುದಿಲ್ಲ, ವಿತರಕರೂ ಕಾಯುವುದಿಲ್ಲ.

2021 ಮತ್ತು 2022ರಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆ ಉಂಟಾದಾಗ ಎಟಿಮೆಗಾ 328ಪಿ ಸಹ ಸುಲಭವಾಗಿ ದೊರೆಯದಂತಾಗಿತ್ತು. ಅಂತಹ ಕಾಲದಲ್ಲಿ ಮೂಲ ಪ್ರೋಗ್ರಾಂ ಕೈಯಲ್ಲಿರುವವರು ಅದನ್ನು ತಿದ್ದಿಸಿ ಸಮೀಪದ ಬೇರೊಂದು ಚಿಪ್ಪಿಗೆ ಹೊಂದಿಸಿಕೊಳ್ಳಬಹುದು. ತುಂಬಿದ ಚಿಪ್ಪನ್ನಷ್ಟೇ ಕೊಳ್ಳುವವರಿಗೆ ಆ ದಾರಿಯಿಲ್ಲ.

ಪ್ರೋಗ್ರಾಂ ಯಾರ ಸೊತ್ತು?

ಹಣ ಕೊಟ್ಟು ಬರೆಸಿದ ಮೇಲೆ ಪ್ರೋಗ್ರಾಂ ತನ್ನದೇ ಎಂದು ಉದ್ಯಮಿ ಭಾವಿಸುವುದು ಸಹಜ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕಯಂತ್ರದ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ಆ ಅಧಿನಿಯಮದ 17ನೆಯ ಪ್ರಕರಣದಂತೆ ಕೃತಿಯ ಮೊದಲ ಒಡೆಯನು ಅದನ್ನು ಬರೆದವನು. ಸಂಬಳದ ನೌಕರನು ತನ್ನ ನೌಕರಿಯ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಲೀಕನೇ ಮೊದಲ ಒಡೆಯ. ಹೊರಗಿನ ತಂತ್ರಜ್ಞರಿಂದ ಶುಲ್ಕ ಕೊಟ್ಟು ಬರೆಸಿದಾಗ ಈ ವಿನಾಯಿತಿ ಅನ್ವಯಿಸದು. ಹಣ ಕೊಟ್ಟವನೇ ಒಡೆಯನೆಂಬ ಉಪಬಂಧ ಭಾವಚಿತ್ರ, ವರ್ಣಚಿತ್ರ, ಚಲನಚಿತ್ರ ಮುಂತಾದ ಕೆಲವು ಕೃತಿಗಳಿಗೆ ಇದೆಯೇ ಹೊರತು ಪ್ರೋಗ್ರಾಂಗೆ ಇಲ್ಲ.

ಆದುದರಿಂದ 19ನೆಯ ಪ್ರಕರಣದಂತೆ ಲಿಖಿತ ಹಕ್ಕು ವರ್ಗಾವಣೆ ಪತ್ರ ಬೇಕು. ಅದಕ್ಕೆ ಬರೆದವರ ಸಹಿ ಇರಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಹಕ್ಕು ಐದು ವರ್ಷಕ್ಕಷ್ಟೇ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದೂ ಕಾನೂನು ಭಾವಿಸುತ್ತದೆ. ರಫ್ತಿನ ಆಸೆಯುಳ್ಳವರು ಇದನ್ನು ಮರೆಯಬಾರದು. ಬಿಲ್ಲಿನ ಮೇಲೆ ಪ್ರೋಗ್ರಾಂ ಶುಲ್ಕ ಎಂದು ಬರೆದು ರಸೀತಿ ಪಡೆದ ಮಾತ್ರಕ್ಕೆ ಹಕ್ಕು ವರ್ಗವಾಗದು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಬೋರ್ಡಿನಿಂದ ಚಿಪ್‌ಗೆ ಬರೆಯಬಹುದಾದಂತೆ, ಲಾಕ್ ಬಿಟ್ ಹಾಕದ ಚಿಪ್ಪಿನಿಂದ ಓದಿಕೊಳ್ಳಲೂಬಹುದು. ಪ್ರತಿಸ್ಪರ್ಧಿಯ ಸರಕಿನಿಂದ ಪ್ರೋಗ್ರಾಂ ಓದಿ ತನ್ನ ಸರಕಿಗೆ ತುಂಬುವುದು ಕೃತಿಸ್ವಾಮ್ಯದ ಉಲ್ಲಂಘನೆ. ತಿಳಿದೂ ಮಾಡಿದ್ದು ಸಾಬೀತಾದರೆ 63ನೆಯ ಪ್ರಕರಣದಂತೆ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಸಲಕರಣೆ ಅಗ್ಗವಾದುದರಿಂದ ಕೃತ್ಯವೂ ಹಗುರವಾಗುವುದಿಲ್ಲ.

ಆರ್ಡುಯಿನೋದ ಮೂಲ ಪ್ರೋಗ್ರಾಂ ಸಂಗ್ರಹವನ್ನು ಸ್ವಂತ ಸರಕಿನಲ್ಲಿ ಬಳಸಲು ಅಡ್ಡಿಯಿಲ್ಲ. ಅದಕ್ಕಾಗಿ ಉದ್ಯಮಿ ತನ್ನ ಪ್ರೋಗ್ರಾಂನ ಮೂಲ ಪಾಠವನ್ನು ಬಹಿರಂಗಪಡಿಸಬೇಕಾಗಿಲ್ಲ. ಆದರೆ ಸಂಗ್ರಹದ ಹೊಸ ಆವೃತ್ತಿಯೊಡನೆ ಮರುಜೋಡಣೆ ಮಾಡಿಕೊಳ್ಳಲು ಬೇಕಾದ ಆಬ್ಜೆಕ್ಟ್ ಫೈಲುಗಳನ್ನು ಒದಗಿಸಬೇಕೆಂಬ ಷರತ್ತು ಅದರ ಪರವಾನಗಿಯಲ್ಲಿದೆ. ಬೇರೆಯವರು ಬರೆದ ಇತರ ಸಂಗ್ರಹಗಳನ್ನು ಸೇರಿಸಿದ್ದರೆ ಅವುಗಳ ಷರತ್ತು ಬೇರೆ ಇರಬಹುದು. ಪ್ರೋಗ್ರಾಂ ಬರೆದವರಿಂದ ಬಳಸಿದ ಸಂಗ್ರಹಗಳ ಪಟ್ಟಿಯನ್ನು ಪಡೆದಿಟ್ಟುಕೊಳ್ಳುವುದು ಉತ್ತಮ.

ಲೆಕ್ಕಪತ್ರ ಮತ್ತು ತೆರಿಗೆ

ತಂತ್ರಜ್ಞರು ತಮ್ಮದೇ ಚಿಪ್ ಕೊಂಡು ಪ್ರೋಗ್ರಾಂ ತುಂಬಿ ಮಾರಿದರೆ ಅದು ಸರಕಿನ ಮಾರಾಟ. ಉದ್ಯಮಿಯು ತನ್ನ ಚಿಪ್ಪುಗಳನ್ನು ಕಳುಹಿಸಿ ತುಂಬಿಸಿಕೊಂಡರೆ ಅದು ಜಾಬ್ ವರ್ಕ್. ಎರಡಕ್ಕೂ ಕಾಗದಪತ್ರ ಬೇರೆ. ಜಾಬ್ ವರ್ಕ್ ಆದಲ್ಲಿ ನೋಂದಾಯಿತ ಉದ್ಯಮಿಯು 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 143ನೆಯ ಪ್ರಕರಣದಂತೆ ಡೆಲಿವರಿ ಚಲನ್ ಮೇಲೆ ತೆರಿಗೆಯಿಲ್ಲದೆ ಚಿಪ್ ಕಳುಹಿಸಬಹುದು. ಅವು ಒಂದು ವರ್ಷದೊಳಗೆ ಮರಳಬೇಕು. ಇಲ್ಲವಾದರೆ, ಆಯುಕ್ತರು ಅವಧಿ ವಿಸ್ತರಿಸದ ಹೊರತು, ಕಳುಹಿಸಿದ ದಿನವೇ ಮಾರಿದಂತೆ ಭಾವಿಸಿ ತೆರಿಗೆ ಬರುತ್ತದೆ. ಇಂತಹ ಸಾಗಣೆಯನ್ನು ಐಟಿಸಿ 04 ನಮೂನೆಯಲ್ಲಿ ತೋರಿಸಬೇಕು. ವಾರ್ಷಿಕ ವಹಿವಾಟು ರೂ. 5 ಕೋಟಿ ಮೀರಿದವರು ಅದನ್ನು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ ಸಲ್ಲಿಸಬೇಕು. ಚಿಪ್ ತುಂಬುವ ಕೆಲಸ ಘಟಕದೊಳಗೇ ನಡೆದರೆ ಈ ಓಡಾಟವೆಲ್ಲ ಇಲ್ಲವಾಗುತ್ತದೆ.

ಹೊಸ ಪ್ರೋಗ್ರಾಂ ಬರೆದುಕೊಡುವುದು ಅದೇ ಅಧಿನಿಯಮದ ಎರಡನೆಯ ಅನುಸೂಚಿಯಂತೆ ಸೇವೆ. ನೋಂದಾಯಿತ ತಂತ್ರಜ್ಞರ ಬಿಲ್ಲಿನಲ್ಲಿ ಅದನ್ನು ಚಿಪ್ಪಿನ ಬೆಲೆಯಿಂದ ಪ್ರತ್ಯೇಕವಾಗಿ ತೋರಿಸುವುದು ಲೆಕ್ಕಕ್ಕೂ ಹಕ್ಕಿನ ಸಾಕ್ಷ್ಯಕ್ಕೂ ಅನುಕೂಲ.

ಲೆಕ್ಕದ ಪುಸ್ತಕದಲ್ಲಿ ಬೋರ್ಡು, ಸಾಕೆಟ್ಟು ಮುಂತಾದ ಅಲ್ಪ ಬೆಲೆಯ ಸಲಕರಣೆಗಳನ್ನು ಆಯಾ ವರ್ಷದ ಖರ್ಚಾಗಿ ಬರೆಯುವುದು ವಾಡಿಕೆ. ಹಕ್ಕುಸಹಿತ ಕೊಂಡ, ಹಲವು ವರ್ಷ ಬಾಳುವ ಪ್ರೋಗ್ರಾಂ ಅಮೂರ್ತ ಆಸ್ತಿ. ಅದಕ್ಕೆ ಲೆಕ್ಕಪತ್ರ ಮಾನದಂಡ 26 ಅನ್ವಯಿಸುತ್ತದೆ. ಚಿಪ್ ತುಂಬುವ ಕೂಲಿಯು ಮಾನದಂಡ 2ರಂತೆ ಸರಕಿನ ಪರಿವರ್ತನಾ ವೆಚ್ಚಕ್ಕೆ ಸೇರಬೇಕು. ಅಸಹಜ ಪ್ರಮಾಣದ ನಷ್ಟವನ್ನು ಸರಕಿನ ಬೆಲೆಗೆ ಸೇರಿಸುವಂತಿಲ್ಲ. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಗೆ ಜಿಎಸ್‌ಟಿಯಲ್ಲಿ ತಡೆಯಿರುವುದರಿಂದ, ಹಾಳಾದ ಚಿಪ್ಪುಗಳಿಗೆ ದಿನಾಂಕ ಮತ್ತು ಕಾರಣಸಹಿತವಾದ ಒಂದು ವಹಿ ಇಡಬೇಕು. ಆಗ ಪ್ರಕ್ರಿಯೆಯಲ್ಲಿ ಸಹಜವಾಗಿ ಆಗುವ ನಷ್ಟವೆಷ್ಟು, ಅಜಾಗರೂಕತೆಯಿಂದ ಆದದ್ದೆಷ್ಟು ಎಂಬುದನ್ನು ತೋರಿಸಲು ಸಾಧ್ಯವಾಗುತ್ತದೆ.

ಬಿಡಿಭಾಗಗಳ ವ್ಯಾಪಾರಿಗಳಿಗೆ

ಆರ್ಡುಯಿನೋದ ನಕ್ಷೆ ಮುಕ್ತವಾದರೂ ಹೆಸರು ಮುಕ್ತವಲ್ಲ. ಅದು ವ್ಯಾಪಾರ ಮುದ್ರೆ. ಬೇರೆ ತಯಾರಕರ ಬೋರ್ಡನ್ನು ಆರ್ಡುಯಿನೋಗೆ ಹೊಂದುವ ಬೋರ್ಡು ಎಂದು ಮಾರಬಹುದು. ಆ ಹೆಸರನ್ನೂ ಗುರುತನ್ನೂ ಅದರ ಮೇಲೆಯೇ ಮುದ್ರಿಸಿ ಅಸಲಿಯೆಂದು ಮಾರಿದರೆ 1999ರ ವ್ಯಾಪಾರ ಮುದ್ರೆಗಳ ಅಧಿನಿಯಮದ ತೊಡಕಿಗೆ ಸಿಲುಕಬೇಕಾಗುತ್ತದೆ. ಬಿಲ್ಲಿನಲ್ಲಿ ಮಾದರಿಯ ವಿವರವನ್ನು ಸರಿಯಾಗಿ ಬರೆಯುವುದು ಸುಲಭವಾದ ರಕ್ಷಣೆ.

ನಕಲಿ ಚಿಪ್ಪುಗಳ ಸಮಸ್ಯೆ ದೊಡ್ಡ ವ್ಯಾಪಾರಿಗಳನ್ನೂ ಬಿಟ್ಟಿಲ್ಲ. ಅಮೆರಿಕದ ಸ್ಪಾರ್ಕ್‌ಫನ್ ಸಂಸ್ಥೆಯು 2010ರಲ್ಲಿ ತಾನು ಕೊಂಡ ಎಟಿಮೆಗಾ 328 ಗುರುತಿನ ಚಿಪ್ಪುಗಳು ನಕಲಿಯೆಂದು ತಾನೇ ಬಹಿರಂಗಪಡಿಸಿತ್ತು. ಅಂಗಡಿಯ ಮೇಜಿನ ಮೇಲೆ ಒಂದು ಬೋರ್ಡು ಮತ್ತು ಸಾಕೆಟ್ಟು ಇಟ್ಟುಕೊಂಡರೆ, ಬಂದ ಪ್ರತಿ ಕಟ್ಟಿನಿಂದ ಕೆಲವು ಚಿಪ್ಪುಗಳ ಗುರುತಿನ ಸಂಖ್ಯೆ ಓದಿ, ಒಂದು ಸಣ್ಣ ಪ್ರೋಗ್ರಾಂ ತುಂಬಿ ನೋಡಬಹುದು. ಹೀಗೆ ಪರೀಕ್ಷಿಸಿದ ಮಾಲು ಎಂದು ಹೇಳಿ ಮಾರುವ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ. ಬದಲಿ ಮಾಲು ಕೊಡುವಾಗ 328 ಮತ್ತು 328ಪಿ ನಡುವಿನ ವ್ಯತ್ಯಾಸವನ್ನು ಮೊದಲೇ ತಿಳಿಸಿದರೆ ವಾಪಸಾತಿಯ ಜಗಳವೂ ತಪ್ಪುತ್ತದೆ.

ಉದ್ಯಮಿಯ ಬಳಿ ಇರಲೇಬೇಕಾದವು

1. ಪ್ರೋಗ್ರಾಂನ ಮೂಲ ಪಾಠ.
2. ಚಿಪ್ಪಿಗೆ ಬರೆಯುವ ಹೆಕ್ಸ್ ಫೈಲು, ಆವೃತ್ತಿ ಸಂಖ್ಯೆ ಮತ್ತು ದಿನಾಂಕದೊಡನೆ.
3. ಫ್ಯೂಸ್ ಹಾಗೂ ಲಾಕ್ ಬಿಟ್‌ಗಳ ಮೌಲ್ಯಗಳು.
4. ಚಿಪ್ಪಿನ ಪೂರ್ಣ ಹೆಸರು ಮತ್ತು ಗುರುತಿನ ಸಂಖ್ಯೆ.
5. ಬಳಸಿದ ತಂತ್ರಾಂಶ ಮತ್ತು ಪ್ರೋಗ್ರಾಂ ಸಂಗ್ರಹಗಳ ಆವೃತ್ತಿಗಳು.
6. ಸರ್ಕ್ಯೂಟಿನ ನಕ್ಷೆ.
7. ಸಹಿಯಾದ ಹಕ್ಕು ವರ್ಗಾವಣೆ ಪತ್ರ.

ಇವುಗಳ ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಘಟಕದಲ್ಲಿ ಇರಲಿ. ಎಲ್ಲವೂ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಕೊನೆಯ ಕಂತಿನ ಹಣ ಕೊಡುವ ಮೊದಲು ಈ ಕಡತವನ್ನು ಪ್ರೋಗ್ರಾಂ ಬರೆಯದ ಬೇರೊಬ್ಬ ತಂತ್ರಜ್ಞರ ಕೈಗೆ ಕೊಟ್ಟು, ಖಾಲಿ ಚಿಪ್ಪಿನಿಂದ ಆರಂಭಿಸಿ ಕೆಲಸ ಮಾಡುವ ಒಂದು ನಿಯಂತ್ರಕ ಸಿದ್ಧಪಡಿಸಿ ಕೊಡಲು ಹೇಳಬೇಕು. ಅವರಿಂದ ಅದು ಸಾಧ್ಯವಾದರೆ ಕಡತ ಪೂರ್ಣವಾಗಿದೆ. ಆಗದಿದ್ದರೆ ಏನು ಕೊರತೆಯಿದೆ ಎಂಬುದು ಹಣ ಕೈಯಲ್ಲಿರುವಾಗಲೇ ಗೊತ್ತಾಗುತ್ತದೆ.

ಪ್ರೋಗ್ರಾಂ ತುಂಬುವ ಯಂತ್ರವು ದುಬಾರಿಯಾಗಿದ್ದ ಕಾಲದಲ್ಲಿ ಹೊರಗಿನವರನ್ನು ನಂಬುವುದು ಅನಿವಾರ್ಯವಾಗಿತ್ತು. ಆರು ತಂತಿ ಮತ್ತು ಒಂದು ಬೋರ್ಡಿನಿಂದ ಅದೇ ಕೆಲಸ ನಡೆಯುತ್ತಿರುವ ಇಂದು, ತನ್ನ ಸರಕಿನ ಮಿದುಳನ್ನು ಬೇರೆಯವರ ಜೇಬಿನಲ್ಲಿ ಬಿಡುವುದಕ್ಕೆ ತಾಂತ್ರಿಕ ಕಾರಣ ಉಳಿದಿಲ್ಲ. ತಂತ್ರಜ್ಞರ ಜ್ಞಾನಕ್ಕೆ ತಕ್ಕ ಶುಲ್ಕವನ್ನು ಒಮ್ಮೆ ಸರಿಯಾಗಿ ಕೊಟ್ಟು, ಹಕ್ಕನ್ನು ಬರವಣಿಗೆಯಲ್ಲಿ ಪಡೆದು, ತುಂಬುವ ಕೆಲಸವನ್ನು ತನ್ನ ಘಟಕದಲ್ಲಿಯೇ ನಡೆಸುವುದು ಇಬ್ಬರಿಗೂ ನ್ಯಾಯವಾದ ವ್ಯವಸ್ಥೆ.